ನಾಣ್ಯದ ಅಂಚು ಕಚ್ಚಿದ ಹಾಗಿದೆ: ನಿಜವಾದ ಕ್ಲಿಪ್ಡ್ ಪ್ಲಾಂಚೆಟ್ಟಾ (ಅಂಚು ಕಡಿಮೆ ಇರುವ ಬಿಲ್ಲೆಗೇ ಅಚ್ಚು ಬಿದ್ದದ್ದು), ಯಾರೋ ಕತ್ತರಿಸಿದ್ದಾ?

ಬಿಲ್ಲೆಪೆಟ್ಟಿಗೆ:

ಎಲ್ಲರಿಗೂ ನಮಸ್ಕಾರ. ನಾಣ್ಯ ಕೂಡಿಸುವ ಅಭ್ಯಾಸ ಆರೇಳು ವರ್ಷದಿಂದ ಇದೆ, ಆದರೆ ಎರರ್ ನಾಣ್ಯಗಳ, ಅಂದರೆ ತಯಾರಾಗುವಾಗಲೇ ತಪ್ಪಾದ ನಾಣ್ಯಗಳ, ವಿಷಯಕ್ಕೆ ನಾನು ಹೊಸಬ. ಇಷ್ಟು ದಿನ ಇಸವಿ ನೋಡಿ ಜೋಡಿಸುವುದಷ್ಟೇ ಮಾಡುತ್ತಿದ್ದೆ. ಹೋದ ತಿಂಗಳು ಬೇರೆ ಬೇರೆ ದೇಶದ ನಾಣ್ಯಗಳ ಒಂದು ಲಾಟ್ ತಗೊಂಡೆ, ಅದನ್ನು ವಿಂಗಡಿಸುವಾಗ ಎರಡು ನಾಣ್ಯ ಕೈಗೆ ಬೇರೆ ಥರ ಸಿಕ್ಕವು.

ಮೊದಲನೆಯದು ಅಮೆರಿಕದ ಒಂದು ಸೆಂಟ್. ಲಿಂಕನ್ ಮುಖ ಮೇಲೆ ಮಾಡಿ ಇಟ್ಟರೆ ಗಡಿಯಾರದಲ್ಲಿ 4 ಗಂಟೆ ಬರುವ ಜಾಗದಲ್ಲಿ ಯಾರೋ ಹಲ್ಲಿನಿಂದ ಕಚ್ಚಿ ತೆಗೆದ ಹಾಗೆ ಬಾಗಿದ ಆಕಾರದಲ್ಲಿ ಲೋಹವೇ ಇಲ್ಲ. ಕಚ್ಚಿನ ಆಳ ಸುಮಾರು 3 ಮಿ.ಮೀ. ಇಸವಿಯಲ್ಲಿ 199 ಅಂತ ಓದಬಹುದು, ಕೊನೆಯ ಅಂಕಿ ಅರ್ಧ ಹೋಗಿದೆ. ತೂಕ 2.32 ಗ್ರಾಂ.

ಎರಡನೆಯದು ಅಮೆರಿಕದ್ದೇ ಕ್ವಾರ್ಟರ್, ಅಂದರೆ 25 ಸೆಂಟ್ ನಾಣ್ಯ. ಇದರಲ್ಲಿ ಬಾಗು ಇಲ್ಲ, ಒಂದು ಬದಿ ಸ್ಕೇಲ್ ಇಟ್ಟು ಗೆರೆ ಎಳೆದ ಹಾಗೆ ನೇರವಾಗಿ ಹೋಗಿದೆ. ತೂಕ 5.31 ಗ್ರಾಂ ಬಂತು. ನೇರ ಕ್ಲಿಪ್ ಬಾಗಿದ್ದಕ್ಕಿಂತ ಅಪರೂಪ ಅಂತ ಎಲ್ಲೋ ಓದಿದ ನೆನಪು, ಅದಕ್ಕೇ ಇದರ ಮೇಲೆ ಆಸೆ ಜಾಸ್ತಿ.

ನನ್ನ ಗೆಳೆಯನಿಗೆ ತೋರಿಸಿದೆ. ಅವನು ಒಂದೇ ನೋಟಕ್ಕೆ ಎರಡನ್ನೂ ಯಾರೋ ಕಟ್ಟರ್ ಹಾಕಿ ಹಾಳು ಮಾಡಿದ್ದಾರೆ, ಬಿಸಾಕು ಅಂದ. ನಿಜವಾದ ಕ್ಲಿಪ್ ಗುರುತಿಸುವುದು ಹೇಗೆ? ತೂಕ ಕಡಿಮೆ ಇದ್ದರೆ ಸಾಕಾ? ದಯವಿಟ್ಟು ಬಿಡಿಸಿ ಹೇಳಿ.

ಅಂಚುನೋಟ:

ಬಿಸಾಕಬೇಡಿ ಸರ್! ಸೆಂಟ್ ಬಗ್ಗೆ ನೀವು ಬರೆದದ್ದು ಓದಿದರೆ ಅದು ನಿಜವಾದದ್ದೇ ಇರಬಹುದು ಅನ್ನಿಸುತ್ತಿದೆ. ಕ್ವಾರ್ಟರ್ ಬಗ್ಗೆ ಅನುಮಾನ ಇದೆ, ಅದಕ್ಕೆ ಆಮೇಲೆ ಬರುತ್ತೇನೆ.

ಕ್ಲಿಪ್ ನೋಡುವಾಗ ಎಲ್ಲರೂ ಕಚ್ಚಿದ ಜಾಗವನ್ನೇ ನೋಡುತ್ತಾ ಕೂರುತ್ತಾರೆ. ಅಲ್ಲಿ ಲೋಹ ಇಲ್ಲ, ಇಲ್ಲದ್ದು ಎಷ್ಟು ತಾನೇ ಹೇಳೀತು? ಅದರ ಅಕ್ಕಪಕ್ಕ ನೋಡಿ, ಅದಕ್ಕಿಂತ ಮುಖ್ಯವಾಗಿ ಅದರ ನೇರ ಎದುರಿನ ಅಂಚು ನೋಡಿ. ಯಾಕೆ ಅಂತ ತಿಳಿಯಬೇಕಾದರೆ ನಾಣ್ಯ ಆಗುವ ರೀತಿ ಸ್ವಲ್ಪ ಗೊತ್ತಿರಬೇಕು.

ನಾಣ್ಯದ ಕೆಲಸ ಲೋಹದ ಉದ್ದನೆಯ ಪಟ್ಟಿಯಿಂದ ಶುರು. ಆ ಪಟ್ಟಿ ಪ್ರೆಸ್ಸಿನ ಕೆಳಗೆ ಒಂದೊಂದು ಹೆಜ್ಜೆ ಸರಿಯುತ್ತಾ ಹೋಗುತ್ತದೆ, ಮೇಲಿಂದ ಹಲವು ಪಂಚ್‌ಗಳು ಒಟ್ಟಿಗೆ ಇಳಿದು ದುಂಡು ಬಿಲ್ಲೆಗಳನ್ನು ಕತ್ತರಿಸುತ್ತವೆ. ಈ ಖಾಲಿ ಬಿಲ್ಲೆಗೆ ಬ್ಲ್ಯಾಂಕ್ ಅನ್ನುತ್ತಾರೆ. ಪಟ್ಟಿ ಒಮ್ಮೆ ಪೂರ್ತಿ ಮುಂದೆ ಸರಿಯದೆ ಹೋದರೆ ಪಂಚ್ ಬಂದು ಮೊದಲೇ ಬಿದ್ದಿದ್ದ ತೂತಿಗೆ ತಾಗಿಕೊಂಡು ಬೀಳುತ್ತದೆ. ಹೊಸ ಬಿಲ್ಲೆಯಲ್ಲಿ ಆ ತೂತಿನ ಪಾಲು ಸೇರಿಬಿಡುತ್ತದೆ. ಹಾಗಾಗಿ ನಿಮ್ಮ ಸೆಂಟ್ ನಿಜವಾದದ್ದಾದರೆ ಅದರಿಂದ ಯಾರೂ ಏನೂ ಕತ್ತರಿಸಿ ತೆಗೆದಿಲ್ಲ, ಆ ಮೂಲೆಯ ಲೋಹ ಮೊದಲಿಂದಲೂ ಅಲ್ಲಿ ಇರಲೇ ಇಲ್ಲ. ಈ ಒಂದು ಮಾತು ಮನಸ್ಸಿನಲ್ಲಿಟ್ಟುಕೊಂಡರೆ ಉಳಿದದ್ದೆಲ್ಲ ತಾನಾಗಿ ಅರ್ಥವಾಗುತ್ತದೆ.

ಮುಂದಿನ ಹಂತದಲ್ಲಿ ಆ ಬಿಲ್ಲೆಗೆ ಏರು ಅಂಚು ಕೊಡುತ್ತಾರೆ. ಒಂದು ಕಡೆ ತಿರುಗುವ ಚಕ್ರ, ಇನ್ನೊಂದು ಕಡೆ ಕದಲದ ಗೋಡೆ, ನಡುವಿನ ಸಂದು ಹೋಗ್ತಾ ಹೋಗ್ತಾ ಕಿರಿದಾಗುತ್ತದೆ. ಬಿಲ್ಲೆ ಅದರೊಳಗೆ ಉರುಳುತ್ತಾ ಎರಡೂ ಕಡೆಯಿಂದ ಅಮುಕಿಸಿಕೊಂಡು ಅಂಚಿನಲ್ಲಿ ದಪ್ಪವಾಗುತ್ತದೆ. ಈಗ ಯೋಚನೆ ಮಾಡಿ, ಕಚ್ಚಿದ ಜಾಗ ಗೋಡೆಯ ಕಡೆ ಬಂದಾಗ ಅಲ್ಲಿ ಒತ್ತುವುದಕ್ಕೆ ಏನೂ ಇಲ್ಲ. ಒಂದು ಕಡೆ ಆಸರೆ ಇಲ್ಲದಿದ್ದರೆ ಎದುರು ಕಡೆಗೂ ಒತ್ತಡ ಬೀಳುವುದಿಲ್ಲ, ಅಲ್ವಾ? ಅದಕ್ಕೇ ಕ್ಲಿಪ್‌ನ ನೇರ ಎದುರಿಗೆ ಅಂಚು ಏಳದೆ ಮಂಕಾಗಿ ಉಳಿಯುತ್ತದೆ. ಇದಕ್ಕೆ ಬ್ಲೇಕ್ಸ್‌ಲಿ ಎಫೆಕ್ಟ್ ಅಂತ ಹೆಸರು. ನಾಣ್ಯ ತಯಾರಾದ ಮೇಲೆ ಯಾರೋ ಕತ್ತರಿಸಿದರೆ ಎದುರಿನ ಅಂಚು ಗಟ್ಟಿಯಾಗಿಯೇ ಇರುತ್ತದೆ, ಯಾಕೆಂದರೆ ಅದು ಏಳುವಾಗ ಬಿಲ್ಲೆ ಪೂರ್ತಿ ದುಂಡಗಿತ್ತು.

ನಿಮ್ಮ ಸೆಂಟ್‌ನಲ್ಲಿ ಕಚ್ಚು 4 ಗಂಟೆಗೆ ಇದೆ ಅಂದಿರಿ. ಹಾಗಾದರೆ ನೀವು ನೋಡಬೇಕಾದ್ದು 10 ಗಂಟೆಯ ಜಾಗ, ಅಂದರೆ ಲಿಬರ್ಟಿ ಅನ್ನುವ ಪದಕ್ಕಿಂತ ಮೇಲೆ, ಮೇಲಿನ ಸಾಲು ಶುರುವಾಗುವ ಕಡೆ. ನಾಣ್ಯವನ್ನು ಒಂದೇ ದೀಪದ ಕೆಳಗೆ ಓರೆ ಹಿಡಿದು ನಿಧಾನವಾಗಿ ತಿರುಗಿಸಿ. ಅಂಚಿನ ಮೇಲೆ ಓಡುವ ಬೆಳಕಿನ ಗೆರೆ ಅಲ್ಲಿ ಸಣ್ಣಗಾಗುತ್ತದಾ, ಕಡಿಯುತ್ತದಾ ಗಮನಿಸಿ.

ಇನ್ನು ಅಕ್ಕಪಕ್ಕ. ಅಚ್ಚು ಬೀಳುವಾಗ ಲೋಹ ಎಲ್ಲ ಕಡೆಗೂ ಹರಿದು ಸುತ್ತಲಿನ ಕಾಲರ್ ಉಂಗುರಕ್ಕೆ ಒತ್ತಿ ನಿಲ್ಲುತ್ತದೆ. ಕಚ್ಚಿದ ಕಡೆ ಕಾಲರ್ ತಾಗುವುದೇ ಇಲ್ಲ, ಹಾಗಾಗಿ ಲೋಹ ಖಾಲಿ ಜಾಗದ ಕಡೆ ಸಡಿಲವಾಗಿ ಹರಿಯುತ್ತದೆ. ಅಲ್ಲಿನ ಅಕ್ಷರಗಳು ಕಚ್ಚಿನ ಕಡೆಗೆ ಎಳೆದ ಹಾಗೆ ಉದ್ದವಾಗುತ್ತವೆ, ಕಾಲು ಅಗಲವಾಗುತ್ತದೆ, ಏರು ಅಂಚು ಕಚ್ಚಿನ ಹತ್ತಿರ ಬರುತ್ತಾ ಸಣ್ಣಗಾಗಿ ಕರಗುತ್ತದೆ. ಕತ್ತರಿಸಿದ ನಾಣ್ಯದಲ್ಲಿ ಹೀಗಾಗುವುದಿಲ್ಲ. ಅಕ್ಷರ ತನ್ನ ಪೂರ್ತಿ ಎತ್ತರದಲ್ಲೇ ಬಂದು ತಟ್ಟನೆ ಕಡಿದು ನಿಲ್ಲುತ್ತದೆ. ಸೆಂಟನ್ನು ಕೆಳಗಿನಿಂದ ಮೇಲಕ್ಕೆ ಮಗುಚಿದರೆ ನಿಮ್ಮ ಕಚ್ಚು ಹಿಂಬದಿಯಲ್ಲಿ 2 ಗಂಟೆಗೆ ಬರುತ್ತದೆ, ಅಮೆರಿಕಾ ಅನ್ನುವ ಪದ ಇರುವ ಕಡೆ. ಅಲ್ಲಿನ ಅಕ್ಷರಗಳನ್ನು ಲೂಪ್ (ಸಣ್ಣ ಭೂತಗನ್ನಡಿ) ಹಿಡಿದು ನೋಡಿ ಹೇಳಿ.

ತಕ್ಕಡಿಮನೆ:

ಅಂಚುನೋಟ ಅವರು ಹೇಳಿದ್ದು ಸರಿ. ನಾನು ತೂಕದ ಪ್ರಶ್ನೆಗೆ ಮಾತ್ರ ಉತ್ತರ ಕೊಡುತ್ತೇನೆ. ತೂಕ ಒಂದೇ ಸಾಕಾಗುವುದಿಲ್ಲ. ಅರ ಹಾಕಿ ಉಜ್ಜಿದರೂ ತೂಕ ಇಳಿಯುತ್ತದೆ ತಾನೇ. ಆದರೆ ಕಚ್ಚಿನ ಅಳತೆಗೂ ತೂಕಕ್ಕೂ ತಾಳೆ ಆಗುತ್ತದಾ ಅಂತ ನೋಡುವುದಕ್ಕೆ ಅದು ಬೇಕು.

1982ರ ನಡುವೆ ಸೆಂಟ್‌ನ ಲೋಹ ಬದಲಾಯಿತು, ಅದಕ್ಕೂ ಮೊದಲಿನ ತಾಮ್ರದ್ದು 3.11 ಗ್ರಾಂ, ಆಮೇಲಿನ ಸತುವಿನದು 2.5 ಗ್ರಾಂ. ಅಗಲ ಎರಡಕ್ಕೂ 19.05 ಮಿ.ಮೀ. 3 ಮಿ.ಮೀ. ಆಳದ ಬಾಗಿದ ಕಚ್ಚು ಅಂದರೆ ಲೆಕ್ಕಕ್ಕೆ ಸುಮಾರು ಶೇ 7 ಲೋಹ ಹೋಗಬೇಕು, ಅಂದರೆ 0.18 ಗ್ರಾಂ. ನಿಮ್ಮದು 2.32, ಸರಿಯಾಗಿ ಕೂತಿದೆ. ಆದರೆ ಕಚ್ಚು 2 ಮಿ.ಮೀ. ಮಾತ್ರ ಇದ್ದಿದ್ದರೆ ಹೋಗುವುದು ಶೇ 4ರಷ್ಟು, 0.1 ಗ್ರಾಂ. ಆ ನಾಣ್ಯದ ತೂಕದಲ್ಲಿ ಟಂಕಸಾಲೆಯೇ ಒಪ್ಪುವ ವ್ಯತ್ಯಾಸ ಅಷ್ಟೇ ಇದೆ, ಹೆಚ್ಚೂ ಕಡಿಮೆ 0.1 ಗ್ರಾಂ. ಹಾಗಾಗಿ ಸಣ್ಣ ಕ್ಲಿಪ್‌ಗಳಲ್ಲಿ ತಕ್ಕಡಿ ಏನೂ ಹೇಳುವುದಿಲ್ಲ, ಕಣ್ಣೇ ಹೇಳಬೇಕು.

ಇನ್ನೊಂದು ಸುಲಭದ ಪರೀಕ್ಷೆ ಇದೆ. ಇನ್ನೊಂದು ಮಾಮೂಲಿ ಸೆಂಟ್ ತಗೊಂಡು ಅದರ ಅಂಚನ್ನು ಕಚ್ಚಿನ ಬಾಗಿಗೆ ತಾಗಿಸದೆ ಪಕ್ಕಕ್ಕೆ ತನ್ನಿ. ಎರಡು ಬಾಗೂ ಹತ್ತತ್ತಿರ ಒಂದೇ ಆಗಿರಬೇಕು, ಯಾಕೆಂದರೆ ಆ ತೂತು ಅದೇ ಅಳತೆಯ ಪಂಚ್‌ನದು. ಕಚ್ಚಿನ ಬಾಗು ಕೂದಲೆಳೆಯಷ್ಟು ದೊಡ್ಡದಿದ್ದರೆ ಹೆದರಬೇಡಿ. ಏರು ಅಂಚು ಕೊಡುವಾಗ ಬಿಲ್ಲೆ ಸ್ವಲ್ಪ ಕುಗ್ಗುತ್ತದೆ, ಪಂಚ್ ಅದಕ್ಕಿಂತ ದೊಡ್ಡದಿರುತ್ತದೆ. ಬಾಗು ತೀರಾ ಚಿಕ್ಕದಿದ್ದರೆ ಮಾತ್ರ ಯಾರೋ ದುಂಡರ ಇಲ್ಲವೇ ಡ್ರಿಲ್ ಬಳಸಿದ್ದಾರೆ ಅಂತ ಅನುಮಾನಪಡಿ.

ಹಳೇಟಂಕ:

ಕ್ವಾರ್ಟರ್ ಬಗ್ಗೆ ಹೇಳುತ್ತೇನೆ, ಯಾಕೆಂದರೆ ನಾನು ಇದರಲ್ಲೇ ಮೋಸ ಹೋಗಿದ್ದೇನೆ. ನಾನು ಕೊಂಡ ಮೊದಲ ನೇರ ಕ್ಲಿಪ್ ಸುಳ್ಳಾಗಿತ್ತು. ಎರಡು ವರ್ಷ ಅದನ್ನು ಸಂಗ್ರಹದ ಮೊದಲ ಪುಟದಲ್ಲಿ ಇಟ್ಟಿದ್ದೆ, ಬಂದವರಿಗೆಲ್ಲ ತೋರಿಸಿದ್ದೆ. ಹಿರಿಯರೊಬ್ಬರು ಕೈಯಲ್ಲಿ ಹಿಡಿದು ಅಂಚಿನ ಸುತ್ತ ಸಾಲಾಗಿರುವ ಗೀರುಗಳನ್ನು ನೋಡಿ ಅಂತ ತಿರುಗಿಸಿ ಕೊಟ್ಟಾಗ ಹೊಟ್ಟೆಯೊಳಗೆ ಏನೋ ಕುಸಿದ ಹಾಗಾಯಿತು. ದುಡ್ಡು ಹೋದದ್ದಕ್ಕಿಂತ, ಅಷ್ಟು ದಿನ ಅದನ್ನು ಸರಿಯಾಗಿ ನೋಡಲೇ ಇಲ್ಲವಲ್ಲ ಅನ್ನುವ ಸಂಕಟ.

ನೇರ ಕ್ಲಿಪ್ ಆಗುವುದು ಪಂಚ್ ಪಟ್ಟಿಯ ತುದಿಯನ್ನೋ ಬದಿಯನ್ನೋ ದಾಟಿ ಬಿದ್ದಾಗ. ಪಟ್ಟಿಯ ತುದಿಯನ್ನು ಓರಣವಾಗಿ ಕತ್ತರಿಸಿದ್ದರೆ ಕ್ಲಿಪ್ ನೇರವಾಗಿ ಬರುತ್ತದೆ, ಕತ್ತರಿಸದೆ ಬಿಟ್ಟಿದ್ದರೆ ಹರಕು ಹರಕಾಗಿ ಬರುತ್ತದೆ. ಆ ಹರಕು ಕ್ಲಿಪ್‌ಗಳನ್ನು ಸುಳ್ಳು ಮಾಡುವುದು ಕಷ್ಟ. ನೇರದ್ದನ್ನು ಮಾಡಲು ಗರಗಸ ಇದ್ದರೆ ಸಾಕು, ಅದಕ್ಕೇ ನೇರ ಕ್ಲಿಪ್ ಅಂದ ಕೂಡಲೇ ಎರಡು ಸಲ ನೋಡಬೇಕು.

ಈ ನಾಣ್ಯದಲ್ಲಿ ನಿಮಗೆ ಸಹಾಯಕ್ಕೆ ಬರುವುದು ಅಂಚಿನ ಗೀರುಗಳು. ಆ ಗೀರು ಕಾಲರ್‌ನಿಂದ ಬರುವಂಥದ್ದು. ನಿಜವಾದ ಕ್ಲಿಪ್ ಇದ್ದರೆ ಅದರ ಹತ್ತಿರ ಲೋಹ ಕಾಲರ್‌ವರೆಗೆ ಪೂರ್ತಿ ಮುಟ್ಟಿರುವುದಿಲ್ಲ. ಗೀರುಗಳು ಕ್ಲಿಪ್ ಕಡೆ ಹೋಗ್ತಾ ಮಸುಕಾಗಿ, ಗಿಡ್ಡವಾಗಿ, ಕೊನೆಗೆ ಇಲ್ಲವಾಗುತ್ತವೆ. ಕತ್ತರಿಸಿದ್ದಾದರೆ ಕೊನೆಯ ಗೀರೂ ಮೊದಲಿನದರಷ್ಟೇ ಚೂಪಾಗಿ ಬಂದು ಅಲ್ಲಿಗೆ ಕಡಿದಿರುತ್ತದೆ. 1965ರಿಂದ ಈ ನಾಣ್ಯಗಳಲ್ಲಿ ನಡುವೆ ತಾಮ್ರ, ಎರಡೂ ಬದಿಗೆ ತಾಮ್ರ ನಿಕ್ಕಲ್ ಮಿಶ್ರಲೋಹ ಇದೆ. ಕತ್ತರಿಸಿದ ಮುಖದಲ್ಲಿ ಆ ಮೂರು ಪದರದ ಮೇಲೆ ಗರಗಸದ ಅಡ್ಡಗೆರೆ, ಮೂಲೆಯಲ್ಲಿ ಎದ್ದ ಮುಳ್ಳು ಕಾಣುತ್ತದಾ ನೋಡಿ. ಹೊಸ ಹೊಳಪು ಇದ್ದರಂತೂ ಮುಗಿಯಿತು.

ಅಂದಹಾಗೆ ಹಿಂದಿನ ಕಾಲದ ಬೆಳ್ಳಿ ನಾಣ್ಯ ಯಾರಾದರೂ ಕ್ಲಿಪ್ಡ್ ಅಂತ ಮಾರಿದರೆ ಅದು ಬೇರೆ ಕಥೆ. ಆಗ ಜನ ಬೆಳ್ಳಿಗೋಸ್ಕರ ನಾಣ್ಯದ ಅಂಚು ಸವರಿ ಕದಿಯುತ್ತಿದ್ದರು. ಇಂಗ್ಲೆಂಡಿನಲ್ಲಿ ಆ ಕಾಟ ತಡೆಯಲಾರದೆ 1696ರಲ್ಲಿ ಹಳೆಯ ಬೆಳ್ಳಿ ನಾಣ್ಯಗಳನ್ನು ವಾಪಸ್ ತಗೊಂಡು ಹೊಸದಾಗಿ ಹೊಡೆದರು, ಅದೇ ವರ್ಷ ನ್ಯೂಟನ್ ಅಲ್ಲಿನ ಟಂಕಸಾಲೆಗೆ ಬಂದಿದ್ದು. ಅಂಚಿಗೆ ಗೀರು, ಅಕ್ಷರ ಹಾಕುವ ರೂಢಿ ಬೆಳೆದದ್ದೂ ಆ ಕಳ್ಳತನ ತಡೆಯುವುದಕ್ಕೇ. ಅದನ್ನು ಎರರ್ ಅಂತ ಕರೆಯುವ ಹಾಗಿಲ್ಲ.

ಹೊಸನಾಣ್ಯ:

ನಡುವೆ ಬಂದೆ, ಕ್ಷಮಿಸಿ. ನನ್ನ ಹತ್ತಿರ ಒಂದು ಬಾಗಿದ ಕ್ಲಿಪ್ ಇದೆ, ಎದುರಿನ ಅಂಚು ಗಟ್ಟಿಯಾಗಿಯೇ ಇದೆ. ಬ್ಲೇಕ್ಸ್‌ಲಿ ಇಲ್ಲದಿದ್ದರೆ ಸುಳ್ಳು ಅಂತಾನೇ ತೀರ್ಮಾನ ಮಾಡಬೇಕಾ?

ಅಂಚುನೋಟ:

ಇಲ್ಲ, ಅಷ್ಟು ಬೇಗ ಬೇಡ. ಕ್ಲಿಪ್ ತುಂಬಾ ಚಿಕ್ಕದಿದ್ದರೆ ಒತ್ತಡದಲ್ಲಿ ವ್ಯತ್ಯಾಸ ಅಷ್ಟಾಗಿ ಬರುವುದಿಲ್ಲ. ಅಚ್ಚು ಗಟ್ಟಿಯಾಗಿ ಬಿದ್ದರೆ ಮಂಕಾದ ಅಂಚೂ ತುಂಬಿಕೊಂಡುಬಿಡಬಹುದು. ಎದುರಿನ ಅಂಚು ಮಂಕಾಗಿದ್ದರೆ ಅದು ಬಲವಾದ ಸಾಕ್ಷಿ, ಇಲ್ಲದಿದ್ದರೆ ಅಕ್ಷರಗಳ ಎಳೆತ, ಅಂಚು ಕರಗುವ ರೀತಿ, ಕಚ್ಚಿನ ಮುಖ ಇವನ್ನೆಲ್ಲ ಸೇರಿಸಿ ನೋಡಬೇಕು. ಒಂದೇ ಗುರುತನ್ನು ನಂಬಿ ಸುಮ್ನೆ ಒಳ್ಳೆಯ ನಾಣ್ಯ ಕಳೆದುಕೊಂಡವರೂ ಇದ್ದಾರೆ.

ಬಿಲ್ಲೆಪೆಟ್ಟಿಗೆ ಸರ್, ನಿಮ್ಮ ಸೆಂಟ್‌ಗೆ ಇನ್ನೊಂದು ಪರೀಕ್ಷೆ ನೆನಪಾಯಿತು, ನನಗೆ ಅತಿ ಇಷ್ಟದ್ದು ಇದೇ. 199 ಅಂತ ಇದೆ ಅಂದಮೇಲೆ ಅದು ಸತುವಿನ ಬಿಲ್ಲೆ, ಮೇಲೆ ತಾಮ್ರದ ತೆಳು ಲೇಪ. ಆ ಲೇಪ ಹಾಕುವುದು ಬಿಲ್ಲೆ ಕತ್ತರಿಸಿದ ಮೇಲೆ. ಹಾಗಾಗಿ ಕಚ್ಚು ಬಿಲ್ಲೆ ಕತ್ತರಿಸುವಾಗಲೇ ಆಗಿದ್ದರೆ ಕಚ್ಚಿದ ಮುಖದ ಮೇಲೂ ತಾಮ್ರ ಇರಬೇಕು. ಆಮೇಲೆ ಯಾರೋ ಕತ್ತರಿಸಿದ್ದರೆ ಅಲ್ಲಿ ಬೂದು ಬಣ್ಣದ ಸತು ಬಾಯಿ ಬಿಟ್ಟಿರುತ್ತದೆ. ಅಚ್ಚು ಬೀಳುವಾಗ ಲೇಪ ಅಲ್ಲಲ್ಲಿ ಬಿರುಕು ಬಿಟ್ಟು ಸಣ್ಣ ಬೂದು ಗೆರೆ ಕಂಡರೆ ತೊಂದರೆ ಇಲ್ಲ, ಇಡೀ ಮುಖ ಬೂದಾಗಿರಬಾರದು ಅಷ್ಟೇ. ಉಜ್ಜಿ ತೊಳೆಯಲು ಮಾತ್ರ ಹೋಗಬೇಡಿ!

ಬಿಲ್ಲೆಪೆಟ್ಟಿಗೆ:

ಎಲ್ಲರಿಗೂ ತುಂಬಾ ಧನ್ಯವಾದ. ರಾತ್ರಿ ಟೇಬಲ್ ದೀಪದ ಕೆಳಗೆ 10 ಪಟ್ಟು ತೋರಿಸುವ ಲೂಪ್ ಹಿಡಿದು ಒಂದು ಗಂಟೆ ಕೂತಿದ್ದೆ.

ಸೆಂಟ್: ಓರೆ ಹಿಡಿದು ತಿರುಗಿಸಿದರೆ ಅಂಚಿನ ಮೇಲಿನ ಬೆಳಕಿನ ಗೆರೆ ಸುತ್ತಲೂ ಓಡಿ ಬಂದು 10 ಗಂಟೆಯ ಹತ್ತಿರ ದಾರದಷ್ಟು ಸಣ್ಣಗಾಗುತ್ತದೆ, ಅಕ್ಕಿಕಾಳಿನಷ್ಟು ಉದ್ದ ಪೂರ್ತಿ ಮಾಯ, ಆಮೇಲೆ ಮತ್ತೆ ಶುರು. ಇಷ್ಟು ದಿನ ಅದು ಸವೆತ ಅಂದುಕೊಂಡಿದ್ದೆ. ಹಿಂಬದಿಯಲ್ಲಿ ಅಮೆರಿಕಾ ಪದದ ನಡುವಿನ ಅಕ್ಷರಗಳ ಮೇಲ್ತುದಿ ಕಚ್ಚಿನ ಕಡೆ ಚಾಚಿಕೊಂಡಿದೆ, ಬೆಣ್ಣೆಯನ್ನು ಬೆರಳಿಂದ ಎಳೆದ ಹಾಗೆ. ಕಚ್ಚಿದ ಮುಖ ಪೂರ್ತಿ ತಾಮ್ರದ ಬಣ್ಣ, ಒಂದು ಕಡೆ ಮಾತ್ರ ಸೂಜಿಮೊನೆಯಷ್ಟು ಬೂದು.

ಕ್ವಾರ್ಟರ್: ಗೀರುಗಳು ಕೊನೆಯವರೆಗೂ ಚೂಪಾಗಿವೆ. ಕೊನೆಯ ಗೀರು ಅರ್ಧಕ್ಕೇ ಕಡಿದಿದೆ. ಕತ್ತರಿಸಿದ ಮುಖದಲ್ಲಿ ತಾಮ್ರದ ಪದರದ ಮೇಲೆ ಅಡ್ಡಗೆರೆಗಳು ಎಣಿಸುವಷ್ಟು ಸ್ಪಷ್ಟ. ಎದುರಿನ ಅಂಚು ಗಟ್ಟಿ. ಬೇಜಾರಾಯಿತು, ಆದರೆ ಈಗ ಅನುಮಾನ ಇಲ್ಲ.

ಹಳೇಟಂಕ:

ಸೆಂಟ್ ಸಿಕ್ಕಿದ್ದಕ್ಕೆ ನನಗೂ ಖುಷಿಯಾಯಿತು. ಕ್ವಾರ್ಟರನ್ನೂ ಎಸೆಯಬೇಡಿ. ಒಂದು ಕವರಿನಲ್ಲಿ ಹಾಕಿ, ಮೇಲೆ ಕತ್ತರಿಸಿದ್ದು ಅಂತ ದೊಡ್ಡದಾಗಿ ಬರೆದು ಸೆಂಟ್ ಪಕ್ಕದಲ್ಲೇ ಇಡಿ. ಮುಂದೆ ನೇರ ಕ್ಲಿಪ್ ಯಾವುದು ಕೈಗೆ ಬಂದರೂ ಮೊದಲು ಅದರ ಗೀರು, ಆಮೇಲೆ ಇದರ ಗೀರು ನೋಡಬಹುದು. ನನ್ನ ಸುಳ್ಳು ನಾಣ್ಯವನ್ನೂ ನಾನು ಹಾಗೇ ಇಟ್ಟಿದ್ದೇನೆ, ಈಗಲೂ ತಿಂಗಳಿಗೊಮ್ಮೆಯಾದರೂ ಹೊರಗೆ ತೆಗೆಯುತ್ತೇನೆ.

ಅಂಚುನೋಟ:

ಲಾಟ್‌ನಲ್ಲಿ ಉಳಿದ ನಾಣ್ಯಗಳನ್ನೂ ಇನ್ನೊಂದು ಸಲ ನೋಡಿ ಸರ್. ಎರಡೂ ಮುಖದಲ್ಲಿ ಒಂದೇ ಜಾಗದಲ್ಲಿ ಬಾಗಿದ ಸಣ್ಣ ಗೆರೆ ಇರುವ ದುಂಡು ನಾಣ್ಯ ಸಿಕ್ಕರೆ ಕೂಡಲೇ ಇಲ್ಲಿ ಹಾಕಿ. ಪಂಚ್ ಪಟ್ಟಿಯನ್ನು ಅರ್ಧ ಮಾತ್ರ ಕತ್ತರಿಸಿ ನಿಂತು, ಮುಂದಿನ ಏಟು ಅದರ ಮೇಲೆ ಬಿದ್ದಾಗ ಹಾಗಾಗುತ್ತದೆ. ಅಪೂರ್ಣ ಕ್ಲಿಪ್ ಅನ್ನುತ್ತೇವೆ. ಲೋಹ ಎಲ್ಲೂ ಹೋಗಿರುವುದಿಲ್ಲ, ತೂಕವೂ ಸರಿ ಇರುತ್ತದೆ, ಅದಕ್ಕೇ ಜನ ಗೀರು ಬಿದ್ದ ನಾಣ್ಯ ಅಂತ ಪಕ್ಕಕ್ಕೆ ಹಾಕಿಬಿಡುತ್ತಾರೆ.

ಬಿಲ್ಲೆಪೆಟ್ಟಿಗೆ:

ಗೀರು ಬಿದ್ದದ್ದು ಅಂತ ಪಕ್ಕಕ್ಕೆ ಹಾಕಿದ ಡಬ್ಬಿಯೇ ಒಂದಿದೆ ಸರ್. ಈಗಲೇ ತೆಗೆದು ಕೂರುತ್ತೇನೆ.