ತರ್ಕದಲ್ಲಿ ‘ಸಿಂಧು’, ‘ಸಪ್ರಮಾಣ’, ‘ಸರಿ’: ಯಾವ ಪದ ಸೂಕ್ತ?

ಎಲ್ಲರಿಗೂ ನಮಸ್ಕಾರ.

ಬಸವನಗುಡಿಯ ನಮ್ಮ ಮನೆಗೆ ಪಾಠಕ್ಕೆ ಬರುವ ಪಿಯುಸಿ ಮಕ್ಕಳಿಗಾಗಿ ಸತ್ಯಕೋಷ್ಟಕದ ಬಗ್ಗೆ, ಅಂದರೆ ಹೇಳಿಕೆಗಳು ನಿಜವೋ ಸುಳ್ಳೋ ಆಗುವ ಎಲ್ಲ ಸಾಧ್ಯತೆಗಳನ್ನೂ ಸಾಲುಸಾಲಾಗಿ ಬರೆದು ವಾದವನ್ನು ಪರೀಕ್ಷಿಸುವ ಪಟ್ಟಿಯ ಬಗ್ಗೆ, ಕನ್ನಡದಲ್ಲಿ ಟಿಪ್ಪಣಿ ಬರೆಯುತ್ತಿದ್ದೇನೆ. ಕೋಷ್ಟಕ ಹಾಕುವುದರಲ್ಲಿ ತೊಡಕಿಲ್ಲ. ಹಾಕಿ ಮುಗಿಸಿದ ಮೇಲೆ ಆ ಪರೀಕ್ಷೆಯಲ್ಲಿ ಗೆದ್ದ ವಾದವನ್ನು ಏನೆಂದು ಕರೆಯಬೇಕು ಎಂಬಲ್ಲಿ ಪೆನ್ನು ನಿಂತಿದೆ. ಇಂಗ್ಲಿಷಿನಲ್ಲಿ ‘ವ್ಯಾಲಿಡ್’ ಎನ್ನುವುದಕ್ಕೆ ಕನ್ನಡದಲ್ಲಿ ಯಾವ ಪದ ಸಲ್ಲುತ್ತದೆ ಎಂಬುದೇ ನನ್ನ ಪ್ರಶ್ನೆ.

ಕಳೆದ ವಾರ ಮಕ್ಕಳಿಗೆ ಈ ವಾದವನ್ನು ಕೊಟ್ಟಿದ್ದೆ: ‘ಮಳೆ ಬಂದರೆ ಸಿಲ್ಕ್ ಬೋರ್ಡ್ ಜಂಕ್ಷನ್‌ನಲ್ಲಿ ಟ್ರಾಫಿಕ್ ಜಾಮ್ ಆಗುತ್ತದೆ. ಜಾಮ್ ಆಗಿದೆ. ಆದ್ದರಿಂದ ಮಳೆ ಬಂದಿದೆ.’ ಎರಡು ಹೇಳಿಕೆಗಳಿರುವುದರಿಂದ ನಾಲ್ಕು ಸಾಲು ಸಾಕು. ಮೂರಾದರೆ 8, ಐದಾದರೆ 32. ‘ಮಳೆ ಬಂದರೆ ಜಾಮ್’ ಎಂಬ ಆಧಾರವಾಕ್ಯ ಸುಳ್ಳಾಗುವುದು ಮಳೆ ಬಂದೂ ಜಾಮ್ ಆಗದಿರುವ ಒಂದೇ ಸಾಲಿನಲ್ಲಿ. ಮಳೆ ಇಲ್ಲದೆ ಜಾಮ್ ಆಗಿರುವ ಮೂರನೆಯ ಸಾಲಿನಲ್ಲಿ ಎರಡು ಆಧಾರವಾಕ್ಯಗಳೂ ನಿಜ, ತೀರ್ಮಾನ ಮಾತ್ರ ಸುಳ್ಳು. ಅಂಥ ಸಾಲು ಒಂದು ಸಿಕ್ಕರೂ ವಾದ ಬಿದ್ದುಹೋಗುತ್ತದೆ. ನಾನು ಆ ಸಾಲಿನ ಕೆಳಗೆ ಗೆರೆ ಎಳೆದು ‘ಆದ್ದರಿಂದ ಈ ವಾದ ತಪ್ಪು’ ಎಂದೆ. ಒಬ್ಬ ಹುಡುಗಿ ಕೂಡಲೇ ಕೇಳಿದಳು: ‘ಇವತ್ತು ಮಳೆ ಬಂದಿದ್ದು ನಿಜ ತಾನೇ ಮೇಡಂ? ನಾನೇ ನೆನ್ಕೊಂಡು ಬಂದೆ. ಮತ್ತೆ ವಾದ ಹೇಗೆ ತಪ್ಪಾಗುತ್ತೆ?’ ಅವಳ ಒದ್ದೆಯಾದ ಕೊಡೆ ಬಾಗಿಲ ಬಳಿಯೇ ಇತ್ತು.

ಆಕೆಯ ತರ್ಕದಲ್ಲಿ ದೋಷವಿರಲಿಲ್ಲ, ದೋಷವಿದ್ದದ್ದು ನನ್ನ ಪದದಲ್ಲಿ. ‘ಸರಿ’, ‘ತಪ್ಪು’ ಎಂಬ ಮಾತುಗಳನ್ನು ನಾವು ಹೇಳಿಕೆಗೂ ಬಳಸುತ್ತೇವೆ, ವಾದಕ್ಕೂ ಬಳಸುತ್ತೇವೆ. ಕೋಷ್ಟಕವಾದರೋ ಹೊರಗೆ ಮಳೆ ಬಂದಿದೆಯೇ ಎಂದು ಕಿಟಕಿಯಾಚೆ ನೋಡುವುದೇ ಇಲ್ಲ. ಆಧಾರವಾಕ್ಯಗಳೆಲ್ಲ ನಿಜವಾಗಿದ್ದೂ ತೀರ್ಮಾನ ಸುಳ್ಳಾಗುವ ಸಾಲು ಇದೆಯೇ ಎಂದಷ್ಟೇ ಹುಡುಕುತ್ತದೆ. ಇದಕ್ಕೆ ವಿರುದ್ಧವಾದ ಉದಾಹರಣೆಯನ್ನೂ ಕೊಟ್ಟೆ: ‘ಬೆಂಗಳೂರು ಕಡಲತೀರದಲ್ಲಿದ್ದರೆ ಇಲ್ಲಿ ಬಂದರು ಇರುತ್ತದೆ. ಬೆಂಗಳೂರು ಕಡಲತೀರದಲ್ಲಿದೆ. ಆದ್ದರಿಂದ ಇಲ್ಲಿ ಬಂದರು ಇದೆ.’ ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿರುವ ಊರಿನ ಬಗ್ಗೆ ಇದು ಶುದ್ಧ ಸುಳ್ಳು, ಆದರೂ ನಾಲ್ಕು ಸಾಲುಗಳಲ್ಲಿ ಎಲ್ಲಿಯೂ ಈ ವಾದ ಮುರಿಯುವುದಿಲ್ಲ. ಇಂಥ ವಾದವನ್ನು ‘ಸರಿಯಾದ ವಾದ’ ಎಂದು ಬರೆದರೆ ಮಕ್ಕಳು ನಂಬುವುದು ಹೇಗೆ?

‘ಸಪ್ರಮಾಣ’ ಎಂಬುದು ಮೊದಲು ನನಗೆ ಬಹಳ ಹಿಡಿಸಿತ್ತು. ಆದರೆ ‘ಪ್ರಮಾಣ’ ಎಂಬ ಮಾತಿಗೆ ನ್ಯಾಯದರ್ಶನದ, ಅಂದರೆ ಭಾರತದ ಹಳೆಯ ತರ್ಕಪರಂಪರೆಯ, ದೊಡ್ಡ ಹಿನ್ನೆಲೆಯಿದೆ. ಅಲ್ಲಿ ಅನುಮಾನವು (ಸಂದೇಹವಲ್ಲ, ಕಂಡದ್ದರಿಂದ ಕಾಣದ್ದನ್ನು ತಿಳಿಯುವುದು) ನಾಲ್ಕು ಪ್ರಮಾಣಗಳಲ್ಲಿ ಒಂದು, ಅಂದರೆ ಯಥಾರ್ಥ ಜ್ಞಾನಕ್ಕೆ ಸಾಧನ. ಹೊಗೆಯನ್ನು ಹೇತುವಾಗಿ, ಅಂದರೆ ಕಾರಣವಾಗಿ ಮುಂದಿಟ್ಟು ಬೆಂಕಿಯನ್ನು ಸಾಧಿಸುವಾಗ ಬೆಟ್ಟದಲ್ಲಿ ಹೊಗೆ ನಿಜವಾಗಿಯೂ ಇರಬೇಕು, ಅದು ಬರೀ ಮಂಜಾಗಿದ್ದರೆ ಹೇತ್ವಾಭಾಸ (ದೋಷವುಳ್ಳ ಹೇತು) ಆಗುತ್ತದೆ. ವಾದದ ಆಕಾರವನ್ನೂ ಅದರೊಳಗಿನ ಸತ್ಯವನ್ನೂ ಅಲ್ಲಿ ಬೇರ್ಪಡಿಸಿ ನೋಡುವುದಿಲ್ಲ. ತರ್ಕಶಾಸ್ತ್ರಜ್ಞ ಎಮಿಲ್ ಪೋಸ್ಟ್ ಮತ್ತು ತತ್ತ್ವಜ್ಞಾನಿ ವಿಟ್‌ಗೆನ್‌ಸ್ಟೈನ್ 1921ರಲ್ಲಿ ಬೇರೆಬೇರೆಯಾಗಿ ಪ್ರಕಟಿಸಿದ ಕೋಷ್ಟಕದ ವಿಧಾನವಾದರೋ ಆ ಬೇರ್ಪಡಿಕೆಯ ಮೇಲೆಯೇ ನಿಂತಿದೆ. ಆದ್ದರಿಂದ ಆಕಾರವೂ ನೆಟ್ಟಗಿದ್ದು ಆಧಾರವಾಕ್ಯಗಳೂ ನಿಜವಾಗಿರುವ ವಾದಕ್ಕೆ, ಅಂದರೆ ‘ಸೌಂಡ್’ ಎನ್ನುವುದಕ್ಕೆ, ‘ಸಪ್ರಮಾಣ’ವನ್ನು ಮೀಸಲಿಡುವುದು ಮೇಲೆಂದು ನನ್ನ ಅಭಿಪ್ರಾಯ.

ಆಡುಮಾತಿನಲ್ಲಿ ‘ಈ ವಾದ ನಿಲ್ಲುವುದಿಲ್ಲ’ ಎನ್ನುತ್ತೇವೆ. ಸೊಗಸಾದ ಮಾತು. ಆದರೆ ಸಾಕ್ಷಿ ಬಿದ್ದುಹೋದಾಗಲೂ ‘ಕೇಸು ನಿಲ್ಲುವುದಿಲ್ಲ’ ಎಂದೇ ಹೇಳುವುದರಿಂದ ಇಲ್ಲಿಯೂ ಸತ್ಯದ ಪ್ರಶ್ನೆ ನುಸುಳುತ್ತದೆ. ‘ಮಾನ್ಯ’ ಎಂದರೆ ಯಾರೋ ಒಪ್ಪಿದ್ದು ಎಂಬ ಅರ್ಥ ಮುಂದೆ ಬರುತ್ತದೆ. ವಾದ ಗೆಲ್ಲುವುದು ಒಪ್ಪಿಗೆಯಿಂದಲ್ಲ.

ಉಳಿದದ್ದು ‘ಸಿಂಧು’. ಪತ್ರಿಕೆಗಳಲ್ಲಿ ‘ಅಸಿಂಧು ಮತ’ ಎಂದೂ ಸರ್ಕಾರಿ ಕಾಗದಗಳಲ್ಲಿ ‘ಸಿಂಧುತ್ವ ಪ್ರಮಾಣಪತ್ರ’ ಎಂದೂ ಓದುತ್ತಿರುತ್ತೇವೆ. ಮತಪತ್ರ ಅಸಿಂಧುವಾಗುವುದು ಮತದಾರ ಆರಿಸಿದ ಅಭ್ಯರ್ಥಿ ಕೆಟ್ಟವನೆಂದಲ್ಲ, ಗುರುತು ಹಾಕಿದ ಕ್ರಮ ನಿಯಮಕ್ಕೆ ಹೊಂದಲಿಲ್ಲವೆಂದು. ವಾದದ ವಿಷಯ ಬಿಟ್ಟು ಕಟ್ಟಣೆಯನ್ನು ಮಾತ್ರ ನೋಡುವ ಕೋಷ್ಟಕದ ಕೆಲಸಕ್ಕೆ ಈ ಬಳಕೆ ತೀರ ಹತ್ತಿರವಾಗಿದೆ. ಕಚೇರಿಯ ವಾಸನೆ ಇದೆ ಎಂಬ ಆಕ್ಷೇಪ ಬರಬಹುದು, ನನಗದು ದೊಡ್ಡ ಕೊರತೆಯಾಗಿ ಕಾಣುವುದಿಲ್ಲ.

ಇದರ ಜೊತೆಗೆ ‘-ರೆ’ ಪ್ರತ್ಯಯದ ಬಗ್ಗೆಯೂ ಕೇಳಬೇಕಾಗಿದೆ. ‘ಹೋಂವರ್ಕ್ ಮುಗಿಸಿದರೆ ಟಿವಿ’ ಎಂದು ತಾಯಿ ಹೇಳಿದಾಗ ಮಗು ಅದನ್ನು ‘ಮುಗಿಸಿದರೆ ಮಾತ್ರ’ ಎಂದೇ ಗ್ರಹಿಸುತ್ತದೆ, ತಾಯಿಯ ಇಂಗಿತವೂ ಅದೇ. ಮಳೆ ಇಲ್ಲದೆ ಜಾಮ್ ಆಗುವ ಆ ಮೂರನೆಯ ಸಾಲನ್ನು ಮಕ್ಕಳು ಒಪ್ಪದಿರುವುದಕ್ಕೆ ಈ ರೂಢಿಯೂ ಕಾರಣವೆಂದು ನನಗೆ ತೋರುತ್ತದೆ. ಪಾಠದಲ್ಲಿ ‘ಬಂದರೆ’ ಎಂದು ಸರಳವಾಗಿಯೇ ಬಿಡಬೇಕೇ, ಅಥವಾ ‘ಬಂದಲ್ಲಿ’, ‘ಬಂದಾಗಲೆಲ್ಲ’ ಎಂದು ಬದಲಿಸಬೇಕೇ? ‘ಬಂದಾಗಲೆಲ್ಲ’ ಎಂದರೆ ಕಾಲದ ಅರ್ಥ ಸೇರಿಕೊಳ್ಳುತ್ತದೆ ಎಂಬ ಅಂಜಿಕೆ ನನ್ನದು.

ಕನ್ನಡದಲ್ಲಿ ತರ್ಕಶಾಸ್ತ್ರ ಕಲಿಸಿದವರು, ನ್ಯಾಯಾಲಯದ ಕನ್ನಡವನ್ನು ಬಲ್ಲವರು ತಾವು ತರಗತಿಯಲ್ಲಿ ಅಥವಾ ಬರವಣಿಗೆಯಲ್ಲಿ ಬಳಸಿದ ಪದವನ್ನು, ಸಾಧ್ಯವಾದರೆ ಆ ಇಡೀ ವಾಕ್ಯದೊಡನೆ, ತಿಳಿಸಬೇಕೆಂದು ಕೋರುತ್ತೇನೆ.