ಹತ್ತು ತಿಂಗಳ ಮಗುವಿಗೆ ಗೆರಟೆ, ಲೋಟಗಳ ಆಟ ಸಾಕೇ?

ಪ್ರಶ್ನೆ (ಬದಿಯಡ್ಕದ ಒಬ್ಬ ತಾಯಿ)
ನನ್ನ ಮಗಳಿಗೆ ಈಗ 10 ತಿಂಗಳು. ಗುಂಡಿ ಒತ್ತಿದರೆ ದೀಪ ಮಿನುಗಿ ಇಂಗ್ಲಿಷ್ ಅಕ್ಷರಗಳನ್ನು ಹೇಳುವ ಆಟಿಕೆಗಳು ಉಡುಗೊರೆಯಾಗಿ ಬಂದು ಮನೆಯಲ್ಲಿ ತುಂಬಿವೆ. ಆದರೆ ಅವಳು ಹೊತ್ತು ಕಳೆಯುವುದು ಸ್ಟೀಲಿನ ಲೋಟ, ಚಮಚ ಮತ್ತು ನುಣ್ಣಗೆ ಉಜ್ಜಿದ ತೆಂಗಿನ ಗೆರಟೆಯೊಂದಿಗೆ. ಚಮಚವನ್ನು ಕೆಳಗೆ ಹಾಕುತ್ತಾಳೆ, ಹೆಕ್ಕಿಕೊಟ್ಟರೆ ಮತ್ತೆ ಹಾಕುತ್ತಾಳೆ. ಇದರಿಂದ ಅವಳು ಏನಾದರೂ ಕಲಿಯುತ್ತಾಳೆಯೇ, ಅಥವಾ ಕಲಿಕೆಗೆಂದೇ ತಯಾರಾದ ಆಟಿಕೆಗಳತ್ತ ಅವಳನ್ನು ತಿರುಗಿಸಬೇಕೇ?

ಉತ್ತರ (ಕುಂಬಳೆ, ನಿವೃತ್ತ ಅಂಗನವಾಡಿ ಟೀಚರ್)
ತಂಗೀ, ಚಮಚ ಹಾಕುವುದನ್ನು ತಡೆಯಬೇಡಿ. 6 ತಿಂಗಳ ಸುಮಾರಿಗೆ ಇಡೀ ಅಂಗೈಯಿಂದ ಹಿಡಿಯುತ್ತಿದ್ದ ಮಗು 9–10 ತಿಂಗಳಿಗೆ ಹೆಬ್ಬೆರಳು, ತೋರುಬೆರಳುಗಳ ತುದಿಯಿಂದ ಸಣ್ಣದನ್ನೂ ಹೆಕ್ಕಲು ಕಲಿಯುತ್ತದೆ; ಹಿಡಿದದ್ದನ್ನು ಬೇಕೆಂದಾಗ ಬಿಡುವುದು ಅದಕ್ಕಿಂತಲೂ ಕಷ್ಟ, ಆ ವಿದ್ಯೆ ಅವಳಿಗೆ ಈಗಷ್ಟೇ ಒಲಿಯುತ್ತಿದೆ. ಚಮಚ ಬಿದ್ದರೆ ಒಂದು ಸದ್ದು, ಗೆರಟೆ ಬಿದ್ದರೆ ಇನ್ನೊಂದು, ಎರಡು ಸಲವೂ ಅಮ್ಮ ಬಗ್ಗಿ ಹೆಕ್ಕುತ್ತಾಳೆ ಎಂಬುದನ್ನು ಅವಳು ಮತ್ತೆ ಮತ್ತೆ ಪರೀಕ್ಷಿಸಿ ಖಚಿತಪಡಿಸಿಕೊಳ್ಳುತ್ತಿದ್ದಾಳೆ.

ಗೆರಟೆಯನ್ನು ಅವಳ ಕಣ್ಣೆದುರೇ ಬೈರಾಸಿನಡಿ ಅಡಗಿಸಿ ನೋಡಿ. ಬಟ್ಟೆ ಸರಿಸಿ ಹುಡುಕಿದಳೆಂದರೆ, ಕಾಣದ ವಸ್ತುವೂ ಅಲ್ಲೇ ಇರುತ್ತದೆಂಬ ತಿಳಿವು ಮೂಡಿದೆ ಎಂದು ತಿಳಿಯಿರಿ. ಸ್ವಿಟ್ಜರ್‌ಲ್ಯಾಂಡಿನ ಮನಶ್ಶಾಸ್ತ್ರಜ್ಞ ಜೀನ್ ಪಿಯಾಜೆ ತಮ್ಮ ಸ್ವಂತ ಮಕ್ಕಳನ್ನು ಗಮನಿಸಿ, ಹೀಗೆ ಹುಡುಕುವುದು ಸುಮಾರು 8 ತಿಂಗಳಿಗೆ ಆರಂಭವಾಗುತ್ತದೆಂದು ಗುರುತಿಸಿದರು. ಇನ್ನು ಸ್ವಲ್ಪ ಸಮಯದಲ್ಲಿ ಅವಳು ಲೋಟಕ್ಕೆ ಚಮಚ ಹಾಕಿ ತೆಗೆಯುವಳು. ಒಂದೂವರೆ ವರ್ಷಕ್ಕೆ ಮೂರು ನಾಲ್ಕು ಮರದ ತುಂಡುಗಳನ್ನು, ಎರಡು ವರ್ಷಕ್ಕೆ ಆರರಷ್ಟನ್ನು ಒಂದರ ಮೇಲೊಂದು ಪೇರಿಸುವಳು. ಖಾಲಿ ಗೆರಟೆಯಲ್ಲಿ ನಿಮಗೆ ಸುಳ್ಳು ಪಾಯಸ ಬಡಿಸುವ ಕಾಲವೂ ಆಗಲೇ ಬರುತ್ತದೆ. ಒಂದೆರಡು ತಿಂಗಳು ಹಿಂದೆ ಮುಂದೆ ಆದರೆ ಗಾಬರಿಯಾಗಬೇಡಿ.

ಉತ್ತರ (ಮಂಜೇಶ್ವರ, ವಾಕ್ ಚಿಕಿತ್ಸಕಿ)
ಟೀಚರ್ ಹೇಳಿದ್ದಕ್ಕೆ ಮಾತಿನ ವಿಷಯವನ್ನು ಸೇರಿಸುತ್ತೇನೆ, ಏಕೆಂದರೆ ನನಗೆ ಅದೇ ಹೆಚ್ಚು ಮುಖ್ಯವೆನಿಸುತ್ತದೆ. ಅಮೆರಿಕದಲ್ಲಿ 10ರಿಂದ 16 ತಿಂಗಳ ಶಿಶುಗಳು ಮನೆಯಲ್ಲೇ ಹೆತ್ತವರೊಂದಿಗೆ ಆಡುವುದನ್ನು ಧ್ವನಿಮುದ್ರಿಸಿಕೊಂಡು ನಡೆಸಿದ, 2016ರಲ್ಲಿ ಪ್ರಕಟವಾದ ಒಂದು ಸಣ್ಣ ಅಧ್ಯಯನದಲ್ಲಿ, ಸದ್ದು ಮಾಡುವ ವಿದ್ಯುನ್ಮಾನ ಆಟಿಕೆಗಳಿದ್ದಾಗ ಪುಸ್ತಕ ಅಥವಾ ಸಾಂಪ್ರದಾಯಿಕ ಆಟಿಕೆಗಳಿದ್ದಾಗಿನದಕ್ಕಿಂತ ಹೆತ್ತವರು ಕಡಿಮೆ ಪದಗಳನ್ನಾಡಿದ್ದು ಕಂಡುಬಂತು. ಆಟಿಕೆಯೇ ಮಾತಾಡತೊಡಗಿದಾಗ ದೊಡ್ಡವರು ಸುಮ್ಮನಾಗುತ್ತಾರೆ. ಗೆರಟೆ ಮಾತಾಡುವುದಿಲ್ಲವಾದ್ದರಿಂದ "ಬಿತ್ತಾ? ಎಲ್ಲಿ ಹೋಯಿತು?" ಎಂದು ನೀವೇ ಕೇಳಬೇಕಾಗುತ್ತದೆ, ಮಗು ಆ ಪ್ರಶ್ನೆಗೆ ನಿಮ್ಮತ್ತ ಮುಖ ತಿರುಗಿಸಿ ತನ್ನದೇ ಸ್ವರದಲ್ಲಿ ಉತ್ತರಿಸುತ್ತದೆ. ಮನೆಯಲ್ಲಿ ಕನ್ನಡ, ನೆರೆಯಲ್ಲಿ ತುಳು, ಪೇಟೆಯಲ್ಲಿ ಮಲಯಾಳ ಕೇಳುವ ನಮ್ಮ ಕಾಸರಗೋಡಿನ ಮಕ್ಕಳಿಗೆ ಬೇಕಾದಷ್ಟು ಭಾಷೆ ಸುತ್ತಮುತ್ತಲೇ ಇದೆ. ಅದು ಜನರ ಬಾಯಿಂದ, ಮಗುವಿನ ಮುಖ ನೋಡಿ ಬರಬೇಕು. ಅಜ್ಜಿಗೆ ತುಳು ಹೆಚ್ಚು ಸಲೀಸಾದರೆ ಅವರು ತುಳುವಿನಲ್ಲೇ ಆಡಿಸಲಿ.

ಉತ್ತರ (ಪೆರ್ಲ, ಇಬ್ಬರು ಮಕ್ಕಳ ತಂದೆ)
ಅಕ್ಕ, ಸರಳ ವಸ್ತುಗಳಲ್ಲೂ ಅಪಾಯವಿದೆಯೆಂಬುದನ್ನು ಮರೆಯಬಾರದು. ಚೆನ್ನೆಮಣೆಯ ಮಂಜೊಟ್ಟಿ ಕಾಯಿ, ಹುಣಸೆಬೀಜ ಮೊದಲಾದವು ಗಂಟಲಲ್ಲಿ ಸಿಕ್ಕಿಕೊಳ್ಳುವಷ್ಟು ಸಣ್ಣವಾದ್ದರಿಂದ ಮೂರು ವರ್ಷದವರೆಗೆ ಕೈಗೆ ಸಿಗದಂತಿರಲಿ. ಗುಲಗಂಜಿಯಂತೂ ಅಗಿದರೆ ವಿಷ. ಗೆರಟೆಯ ಅಂಚನ್ನು ಉಜ್ಜಿ, ಸೀಳಿಲ್ಲವೆಂದು ಆಗಾಗ ನೋಡಿಕೊಳ್ಳಿ. ಉಡುಗೊರೆಯ ಆಟಿಕೆಗಳಲ್ಲಿ ಬಟನ್ ಬ್ಯಾಟರಿಯ ಮುಚ್ಚಳ ಸ್ಕ್ರೂ ಹಾಕಿ ಭದ್ರವಾಗಿದೆಯೇ ಎಂದು ಇಂದೇ ಪರೀಕ್ಷಿಸಿ, ಏಕೆಂದರೆ ನುಂಗಿದರೆ ಅದು ಕೆಲವೇ ಗಂಟೆಗಳಲ್ಲಿ ಅನ್ನನಾಳವನ್ನು ಸುಡುತ್ತದೆ. ಅಂಗಡಿಯಿಂದ ಕೊಳ್ಳುವುದಾದರೆ, 2021ರ ಜನವರಿಯಿಂದ ಕಡ್ಡಾಯವಾಗಿರುವ ಐಎಸ್‌ಐ ಗುರುತನ್ನು ನೋಡಿಯೇ ಕೊಳ್ಳಿ.