ಸಹಾಯ ಬೇಕು: ಬಿದ್ದ ಮರಗಳ ದಿಕ್ಕು ಅಳೆಯಲು

ನಿನ್ನೆಯ ಗುಡುಗು-ಗಾಳಿಗೆ ಜಯನಗರ, ಬನಶಂಕರಿ ಕಡೆ ಬಿದ್ದ ಮರಗಳ ಸರ್ವೆಗೆ ನಾಲ್ಕು ಜನ ಬೇಕು; ಬಿದ್ದ ದಿಕ್ಕು ನೋಡಿದರೆ ಗಾಳಿ ಯಾವ ಬಗೆಯದೆಂದು ಗೊತ್ತಾಗುತ್ತೆ. ಇವತ್ತೇ ಬನ್ನಿ, ಗರಗಸ ಬಂದರೆ ದಿಕ್ಕಿನ ಸುಳಿವೇ ಹೋಯಿತು.

ಬುಡದ ಬಳಿ ನಿಂತು, ತುದಿಯತ್ತ ಮುಖ ಮಾಡಿ ಮೊಬೈಲ್ ಕಂಪಾಸಿನ ಡಿಗ್ರಿ ಬರೆದುಕೊಳ್ಳಿ. ಕಾರು, ಟ್ರಾನ್ಸ್‌ಫಾರ್ಮರ್ ಪಕ್ಕ ಬೇಡ, ಕಬ್ಬಿಣಕ್ಕೆ ಕಂಪಾಸು ದಾರಿ ತಪ್ಪುತ್ತೆ. ಬುಡದಿಂದ 1.3 ಮೀಟರ್ ಮೇಲೆ ಸುತ್ತಳತೆ. ಕಾಂಡ ಮುರಿಯಿತೋ, ಬೇರು ಸಮೇತ ಕಿತ್ತಿತೋ? ಕಿತ್ತಿದ್ದರೆ ಗುಂಡಿಯ ಫೋಟೋ ಖಂಡಿತ ಬೇಕು: ಚರಂಡಿಗೆಂದು ಬೇರು ಕಡಿದ ಗುಲ್‌ಮೊಹರ್ ಸಾಧಾರಣ ಗಾಳಿಗೂ ಮಲಗುತ್ತೆ, ಅದರಿಂದ ಗಾಳಿಯ ವೇಗ ಅಂದಾಜಿಸಿದರೆ ಲೆಕ್ಕ ಎಕ್ಕುಟ್ಟಿಹೋಗುತ್ತೆ.

ಬೀಸಣಿಗೆಯಂತೆ ಹೊರಮುಖವಾಗಿ ಬಿದ್ದಿದ್ದರೆ ಡೌನ್‌ಬರ್ಸ್ಟ್, ಅಂದರೆ ಮೋಡದಿಂದ ರಭಸವಾಗಿ ಕೆಳಗಿಳಿದು ನೆಲದ ಮೇಲೆ ಸುತ್ತಲೂ ಹರಡುವ ಗಾಳಿ. ಕಿರಿದಾದ ಪಟ್ಟಿಯಲ್ಲಿ ಒಳಮುಖವಾಗಿದ್ದರೆ ಮಾತ್ರ ಸುಂಟರಗಾಳಿಯ ಅನುಮಾನ. ವಾಟ್ಸಾಪ್ ವಿಡಿಯೋ ನೋಡಿ ತೀರ್ಮಾನಿಸಬೇಡಿ.

ತಂತಿ ಮೇಲಿರುವ ಮರ ಬಿಟ್ಟುಬಿಡಿ. ಟೇಪ್ ಇರುವವರು ಮೊದಲು ತಿಳಿಸಿ.